ಅಳಿಸಿದ ಸಾಲು

ಮನುಷ್ಯ ತನ್ನ ಬಗ್ಗೆ ತಾನೇ ಬರೆದುಕೊಂಡದ್ದನ್ನು ಯಾವತ್ತೂ ನಂಬಬಾರದು ಎಂಬುದು ಸುಬ್ರಮಣಿಯ ಸಿದ್ಧಾಂತ. ಆದರೂ ಬೆಳಗ್ಗೆ ಎದ್ದು ಮೋಟಾರಿನ ಸ್ವಿಚ್ಚು ಹಾಕಿ, ತಾರಸಿಯಲ್ಲಿ ಟ್ಯಾಂಕಿಗೆ ನೀರು ಬೀಳುವ ಸದ್ದಿಗೆ ಕಿವಿಕೊಟ್ಟು ನಿಂತಾಗ ಅವನು ಫೋನಿನಲ್ಲಿ ಓದುತ್ತಿದ್ದುದು ಅದನ್ನೇ. ಫೇಸ್‌ಬುಕ್ಕಿನಲ್ಲಿ ಹೆಸರಿನ ಕೆಳಗೆ ಜನ ತಮ್ಮ ಬಗ್ಗೆ ಬರೆದುಕೊಳ್ಳುವ ಒಂದೆರಡು ಸಾಲು. ಸಿಂಪಲ್ ಹುಡುಗ ಎಂದು ಬರೆದುಕೊಂಡವನು ಸಿಂಪಲ್ ಆಗಿರುವುದಿಲ್ಲ. ನೇರ ನುಡಿ ನನ್ನ ಸ್ವಭಾವ ಎಂದವನು ಜಗಳಗಂಟ. ಪುಸ್ತಕವೇ ಸಂಗಾತಿ ಎಂದವನ ರೂಮಿನಲ್ಲಿ ಕ್ಯಾಲೆಂಡರ್ ಬಿಟ್ಟರೆ ಓದಲು ಬೇರೇನೂ ಸಿಗುವುದಿಲ್ಲ. ಎರಡನೇ ಮಹಡಿಯ ಕೀರ್ತಿ ಎಂಬ ಹುಡುಗಿ ಊರೂರು ತಿರುಗುವುದೆಂದರೆ ಹುಚ್ಚು ಎಂದು ಬರೆದುಕೊಂಡಿದ್ದಾಳೆ, ಭಾನುವಾರ ಬಂತೆಂದರೆ ಬಾಗಿಲು ಹಾಕಿಕೊಂಡು ಸಂಜೆಯವರೆಗೆ ಮಲಗುತ್ತಾಳೆ. ಎಲ್ಲರೂ ಸುಳ್ಳರೇ. ಆದರೆ ಸುಳ್ಳಿಗೂ ಒಂದು ದಿಕ್ಕು ಇರುತ್ತದೆ, ಏನನ್ನು ಮುಚ್ಚಲು ಏನನ್ನು ಬರೆದಿದ್ದಾನೆ ಎಂದು ಪತ್ತೆ ಹಚ್ಚಿದರೆ ಆಸಾಮಿ ಸಿಕ್ಕಿಬಿದ್ದ ಹಾಗೆ. ಈ ಪತ್ತೇದಾರಿಕೆ ಅವನ ಹವ್ಯಾಸವಲ್ಲ, ಕೆಲಸ. ಅಟ್ಟೂರಿನ ಈ ಮನೆಗೆ ಅವನು ಮನೆ ಅಳಿಯನಾಗಿ ಬಂದವನು. ಮೋಟಾರು ಹಾಕುವುದು, ಮೆಟ್ಟಿಲಿನ ಬಲ್ಬು ಬದಲಿಸುವುದು, ಗೇಟಿಗೆ ‘ಮನೆ ಬಾಡಿಗೆಗಿದೆ’ ಬೋರ್ಡು ಕಟ್ಟುವುದು, ಬೋರ್ಡು ನೋಡಿ ಬಂದವರ ಫೇಸ್‌ಬುಕ್ಕು ಓದಿ ಇಂಥವರು ಆಗಬಹುದು, ಇಂಥವರು ಬೇಡ ಎಂದು ಮಾವನಿಗೆ ವರದಿ ಒಪ್ಪಿಸುವುದು, ಇವು ಅವನ ಉದ್ಯೋಗ. ಮಾವ ಶ್ರೀರಾಮಪ್ಪನಿಗೆ ಫೋನು ಎತ್ತಲು, ಇಡಲು ಬಿಟ್ಟರೆ ಬೇರೇನೂ ಬರುವುದಿಲ್ಲ. ಹಾಗಂತ ಶ್ರೀರಾಮಪ್ಪ ಹೇಳಿಕೊಳ್ಳುತ್ತಾರೆ. ಅದನ್ನೂ ಸುಬ್ರಮಣಿ ಪೂರ್ತಿ ನಂಬಿಲ್ಲ.

ಈವತ್ತಿನ ವರದಿ ಸಂಜೆಯೊಳಗೆ ಕೊಡಬೇಕಿತ್ತು. ನಿನ್ನೆ ರೂಮು ನೋಡಿ ಹೋದ ಹುಡುಗ ಚನ್ನು, ಗುಳೇದಗುಡ್ಡದ ಕಡೆಯವನು, ಯಲಹಂಕದ ಹತ್ತಿರ ಯಾವುದೋ ಕಾಲೇಜಿನ ಲ್ಯಾಬಿನಲ್ಲಿ ಕೆಲಸ. ಮೇಲಿನ ರೂಮಿಗೆ ಕರೆದುಕೊಂಡು ಹೋದಾಗ ಅವನು ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದ್ದ. ಗೋಡೆ ಟೊಳ್ಳೋ ಗಟ್ಟಿಯೋ ನೋಡುತ್ತಿದ್ದಾನೆ ಎಂದು ಸುಬ್ರಮಣಿ ಮೊದಲು ಅಂದುಕೊಂಡ. ಆಮೇಲೆ ಕಿಟಕಿಯ ಸರಳನ್ನು ತಟ್ಟಿದ, ಬಚ್ಚಲಿನ ಬಕೆಟ್ಟನ್ನು ತಟ್ಟಿದ. ಆ ತಟ್ಟುವುದರಲ್ಲಿ ಒಂದು ಲೆಕ್ಕವಿತ್ತು. ಇವನು ಸುಮ್ಮನೆ ಇರುವ ಪೈಕಿ ಅಲ್ಲ ಎಂದು ಆಗಲೇ ಅನುಮಾನ ಹತ್ತಿತ್ತು. ರಾತ್ರಿ ಫೇಸ್‌ಬುಕ್ಕಿನಲ್ಲಿ ಹುಡುಕಿದರೆ ಮುಂದೆ ತಬಲಾ ಇಟ್ಟುಕೊಂಡು ಹಲ್ಲು ಬಿಟ್ಟ ಫೋಟೋ, ಕೆಳಗೆ ಹೀಗೆ: ‘ತಬಲಾ ಅಂದ್ರ ಜೀವ. ಭಜನಿ ಮ್ಯಾಳ. ಅವ್ವನ ಕೈ ರೊಟ್ಟಿ. ಯಾರಿಗೂ ಅಂಜಾಂವ ಅಲ್ಲ.’ ಸುಬ್ರಮಣಿ ಅದನ್ನು ಒಂದೊಂದಾಗಿ ಬಿಡಿಸಿದ. ಭಜನೆ ಎಂದರೆ ಯಾವ ಮಠದ್ದು, ಯಾವ ಜನ, ಅದನ್ನು ಬಾಯಿ ಬಿಟ್ಟು ಹೇಳಿಲ್ಲ. ರೊಟ್ಟಿ ಎಂದರೆ ಅವ್ವ ಇವತ್ತಲ್ಲ ನಾಳೆ ಬಂದು ಠಿಕಾಣಿ ಹೂಡುತ್ತಾಳೆ. ಅಂಜುವುದಿಲ್ಲ ಎಂದರೆ ಕರೆಂಟು ಬಿಲ್ಲಿಗೂ ಅಂಜುವುದಿಲ್ಲ. ಎಲ್ಲಕ್ಕೂ ಒಂದೊಂದು ಅನುಮಾನ ಸಲೀಸಾಗಿ ಹುಟ್ಟಿತು. ಮೊದಲನೇ ಸಾಲಿನ ಹತ್ತಿರ ಮಾತ್ರ ಅವನ ಬುದ್ಧಿ ಓಡಲಿಲ್ಲ. ಜೀವ ಎಂದು ಬರೆದುಬಿಟ್ಟಿದ್ದಾನಲ್ಲ, ಇಷ್ಟು ಧೈರ್ಯವಾಗಿ, ಯಾರು ಬೇಕಾದರೂ ಓದುವ ಜಾಗದಲ್ಲಿ. ಅವನಿಗೆ ಆ ಹುಡುಗನ ಮೇಲೆ ಸಿಟ್ಟು ಬಂತು.

ಅವನು ಈ ಸಲ ಎಡವುವ ಹಾಗಿರಲಿಲ್ಲ. ಆ ರೂಮಿನಲ್ಲಿ ಹಿಂದೆ ಇದ್ದವನನ್ನು ಆಗಬಹುದು ಎಂದು ಆರಿಸಿದ್ದು ಅವನೇ. ‘ಸಿಂಪಲ್ ಹುಡುಗ, ಅಮ್ಮನೇ ದೇವರು’ ಎಂದಿತ್ತು. ಆಗಿನ್ನೂ ಸುಬ್ರಮಣಿಯ ಸಿದ್ಧಾಂತ ಪಕ್ವವಾಗಿರಲಿಲ್ಲ. ಬೇಸಿಗೆಯಲ್ಲಿ ನೀರಿಗೆ ಏನೋ ವಾಸನೆ ಎಂದು ಅತ್ತೆ ದ್ರೌಪದಮ್ಮ ಗೊಣಗಿದರು, ಟ್ಯಾಂಕು ತೊಳೆಸಲು ಆಳನ್ನು ಹತ್ತಿಸಿದಾಗ ಅವನು ಒಳಗಿಂದ ಬೀರು ಬಾಟಲಿಗಳನ್ನು ಒಂದೊಂದಾಗಿ ಮೇಲಕ್ಕೆ ಕೊಟ್ಟ. ಒಂದರ ಮುಚ್ಚಳ ಬಿಚ್ಚಿಕೊಂಡಿತ್ತು. ದೇವರಂಥ ಅಮ್ಮನ ಮಗ ಫ್ರಿಜ್ಜಿಲ್ಲದ್ದಕ್ಕೆ ಇಡೀ ಮನೆಯ ಕುಡಿಯುವ ನೀರಿನಲ್ಲಿ ಬೀರು ತಣ್ಣಗೆ ಮಾಡಿಕೊಳ್ಳುತ್ತಿದ್ದ. ಅವತ್ತು ಶ್ರೀರಾಮಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಬ್ಬಕ್ಕೆ ಬಂದ ನೆಂಟರೆದುರು, ಮುದ್ದೆ ಮುರಿಯುತ್ತಾ, “ನಮ್ ಅಳಿಯಂದ್ರು ಓದಿ ನೋಡಿ ಸರ್ಟಿಫಿಕೇಟ್ ಕೊಟ್ಟಿದ್ರು. ಆ ನೀರ್ನಾಗೇ ಮಾಡಿದ್ ಸಾರು ತಿಂದು ನಾವೆಲ್ಲಾ ಎಷ್ಟ್ ಕುಸಿಯಾಗಿದ್ವಿ ಗೊತ್ತಾ,” ಎಂದು ನಕ್ಕರು. ಎಲ್ಲರೂ ನಕ್ಕರು. ಹೆಂಡತಿ ರಾಣಿಯೂ ನಕ್ಕಳು, ನಕ್ಕು ಅವನ ಮುಖ ನೋಡಿ ನಿಲ್ಲಿಸಿದಳು. ಅವಳು ನಿಲ್ಲಿಸಿದ್ದೇ ಅವನಿಗೆ ಹೆಚ್ಚು ಉರಿಯಿತು. ಮನೆ ಅಳಿಯನ ತಟ್ಟೆಗೆ ಬೀಳುವ ಅನ್ನ ಬಿಸಿಯಾಗಿಯೇ ಇರುತ್ತದೆ, ಆದರೆ ಬಡಿಸಿದವರ ಮುಖವನ್ನು ಒಂದು ಸಲ ನೋಡದೆ ಅವನು ತುತ್ತು ಎತ್ತಲಾರ.

ನೀರು ತುಂಬಿ ಟ್ಯಾಂಕಿನ ಪೈಪು ಜಿನುಗತೊಡಗಿತು. ಅವನು ಕೆಳಗಿಳಿದು ಮೋಟಾರು ಆರಿಸುವಾಗ ಶ್ರೀರಾಮಪ್ಪ ಜಗಲಿಯ ಮೇಲೆ ಟವೆಲು ಹಾಸಿಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಒಂದು ಕಾಲದಲ್ಲಿ ಈ ಜಗಲಿಯಿಂದ ಅವರ ರಾಗಿ ಹೊಲ ಕಾಣುತ್ತಿತ್ತಂತೆ, ಈಗ ಎದುರುಮನೆಯವರ ಸ್ಕೂಟರು ಕಾಣುತ್ತದೆ. “ಅದೇನ್ ಬರ್ಕೊಂಡವ್ನೆ ಆ ಬಡಗಲ ಸೀಮೆ ಹುಡುಗ?” ಎಂದರು. ಸುಬ್ರಮಣಿ ಓದಿ ಹೇಳಿದ. ಬೇಡ ಎಂದು ಸೂಚಿಸುವ ಹಾಗೆ ಓದಬೇಕೆಂದುಕೊಂಡಿದ್ದರೂ ದನಿ ಸಪಾಟಾಗಿ ಬಂತು. ಶ್ರೀರಾಮಪ್ಪ ಎಲೆಗೆ ಸುಣ್ಣ ಸವರಿದರು. “ಒಂದ್ ಕೆಲ್ಸ ಮಾಡಿ ಅಳಿಯಂದ್ರೇ. ಅವ್ನಿಗೆ ಫೋನ್ ಆಕಿ, ತಬ್ಲಾ ಗಿಬ್ಲಾ ಅಂದ್ರೆ ನಮ್ಮನ್ಯಾಗೆ ಆಗಾಕಿಲ್ಲ ಅಂತ ಒಂದ್ ಮಾತು ಕಿವೀಗ್ ಆಕಿ. ರೂಮ್ ಕೊಡ್ತೀವಿ ಅಂತ್ಲೂ ಅನ್ಬ್ಯಾಡಿ, ಇಲ್ಲ ಅಂತ್ಲೂ ಅನ್ಬ್ಯಾಡಿ. ಸುಮ್ಕೆ ಆಕಿ. ಸಂಜೀಕೆ ನೋಡಾನ.” ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂಬ ಜಾತಿಯ ಮಾತು. ಆ ಮಾತಿನ ಧಾಟಿ ಎಲ್ಲೋ ಕೇಳಿದ್ದು ಎಂದು ಸುಬ್ರಮಣಿಗೆ ಅನ್ನಿಸಿತು, ಎಲ್ಲಿ ಎಂದು ಹೊಳೆಯಲಿಲ್ಲ. ಅವನು ಗೇಟಿನ ಆಚೆ ಹೋಗಿ ಫೋನು ಹಚ್ಚಿದ.

“ಹೌದ್ರೀ ಸರ್, ಹೇಳ್ರೀ. ರೂಮ್ ಪಕ್ಕಾ ಆತೇನ್ರೀ?” ಎಂದ ಚನ್ನು. ಹಿಂದೆ ಗಾಜಿನ ಸಾಮಾನು ತೊಳೆಯುವ ಸದ್ದು.

“ಮಾವನವರು ಇನ್ನೂ ಏನೂ ಹೇಳಿಲ್ಲ. ಅದೇ, ಈ ತಬಲಾ ಗಿಬಲಾ ಅಂದ್ರೆ ನಮ್ ಮನೇಲಿ ಸ್ವಲ್ಪ ಆಗಲ್ಲ. ಸುಮ್ನೆ ತಿಳಿಸೋಣ ಅಂತ.”

ಗಾಜಿನ ಸದ್ದು ನಿಂತಿತು. “ತಬಲಾದ ಸುದ್ದಿ ನಿಮಗ್ಯಾರು ಹೇಳಿದ್ರೀ ಸರ್?”

ಇದನ್ನು ಸುಬ್ರಮಣಿ ಯೋಚಿಸಿರಲಿಲ್ಲ. ಬಾಗಿಲ ಸಂದಿಯಲ್ಲಿ ಇಣುಕುವಾಗ ಒಳಗಿಂದ ಕಣ್ಣು ಕಂಡ ಹಾಗಾಯಿತು. “ಹಂಗೇ ಗೊತ್ತಾಯ್ತು,” ಎಂದ.

“ಆತ್ರೀ,” ಎಂದು ಚನ್ನು ತಾನೇ ಫೋನಿಟ್ಟ. ಆ ಆತ್ರೀ ಒಪ್ಪಿಗೆಯೋ ತಿರಸ್ಕಾರವೋ ತಿಳಿಯಲಿಲ್ಲ.

ಮಧ್ಯಾಹ್ನ ನಲ್ಲಿಯ ವಾಷರು ತರಲು ಯಲಹಂಕಕ್ಕೆ ಹೋಗಬೇಕಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವನು ಅಭ್ಯಾಸದಂತೆ ತಲೆ ಎತ್ತಿ ಆಕಾಶ ನೋಡಿದ, ನೋಡಿದ್ದು ಗೊತ್ತಾಗಿ ತಗ್ಗಿಸಿದ. ವಾಯುಪಡೆಯ ವಿಮಾನವೊಂದು ಬಿಳಿ ಗೆರೆ ಎಳೆದು ಹೋಗಿತ್ತು. ವಿಮಾನ ನೋಡುವ ನೆಪದಲ್ಲಿ ಆಕಾಶ ನೋಡಬಹುದಾದ ಊರು ಇದು, ಆ ಮಟ್ಟಿಗೆ ಯಲಹಂಕದ ಉಪಕಾರ ಅವನ ಮೇಲಿದೆ. ಯಶವಂತಪುರದಲ್ಲಿ ನೆಪ ಬೇಕಿರಲಿಲ್ಲ. ಅಮ್ಮನ ಮನೆಯ ಶೀಟಿನ ಪಕ್ಕ ಮರದ ಹಲಗೆ ಹೊಡೆದು ಮಾಡಿದ ಗೂಡು, ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ರೈಲ್ವೆ ಯಾರ್ಡಿನ ಮೇಲೆ ಒಟ್ಟಿಗೆ ಎದ್ದು ತಿರುಗುವ ಅವನ ಪಾರಿವಾಳಗಳು, ಅವು ವಾಲಿದಾಗ ಎಲ್ಲ ರೆಕ್ಕೆಗಳ ಒಳಮೈ ಒಟ್ಟಿಗೆ ಬೆಳ್ಳಗೆ ಕಾಣುವುದು. ಪಂದ್ಯದ ದಿನ ಲಾರಿಯಲ್ಲಿ ಚಿತ್ರದುರ್ಗದಾಚೆ ಒಯ್ದು ಬಿಟ್ಟರೂ ಕೆಂಚಿ ಎಂಬ ಹೆಣ್ಣು ಪಾರಿವಾಳ ಮಧ್ಯಾಹ್ನಕ್ಕೆ ಬಂದು ಶೀಟಿನ ಮೇಲೆ ಟಪ್ ಎಂದು ಇಳಿಯುತ್ತಿದ್ದಳು. ಆ ಟಪ್ ಎನ್ನುವ ಸದ್ದಿಗಾಗಿ ಅವನು ಊಟ ಬಿಟ್ಟು ಕಾಯುತ್ತಿದ್ದ. ಸ್ಟೇಷನ್ನಿನ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಮದುವೆ ಪತ್ರಿಕೆ ಟೈಪು ಮಾಡುವುದು ಹೊಟ್ಟೆಗೆ, ಉಳಿದದ್ದೆಲ್ಲ ಅವುಗಳಿಗೆ. ಆಗ ಎಲ್ಲರೂ ಆರ್ಕುಟ್‌ನಲ್ಲಿದ್ದರು. ನಿನ್ನ ಬಗ್ಗೆ ಬರೆ ಎಂದು ಖಾಲಿ ಚೌಕ ಕೇಳಿತು. ಅವನು ಒಂದು ಕ್ಷಣವೂ ಯೋಚಿಸದೆ ‘ಪಾರಿವಾಳವೇ ನನ್ನ ಪ್ರಾಣ’ ಎಂದು ಬರೆದ. ಅಷ್ಟು ಸರಾಗವಾಗಿ ಅವನು ಆಮೇಲೆ ಏನನ್ನೂ ಬರೆದಿಲ್ಲ, ಮಾತಾಡಿದ್ದೂ ಇಲ್ಲ.

ಬಸ್ಸು ಯಲಹಂಕದ ಡೇರಿ ಸರ್ಕಲ್ಲಿನಲ್ಲಿ ನಿಂತೇ ಬಿಟ್ಟಿತು. ಮುಂದಿನ ಸೀಟಿನ ಹೆಂಗಸು ಅವನ ಫೋನಿನ ಕಡೆ ಓರೆಗಣ್ಣಿನಲ್ಲಿ ನೋಡಿದಳು ಎಂದು ಅವನು ಅದನ್ನು ಜೇಬಿಗೆ ಸೇರಿಸಿದ. ಆ ಆರ್ಕುಟ್ ದಿನಗಳಲ್ಲೇ, ‘ಸುಬ್ಬು, ಅಟ್ಟೂರಿನ ಒಳ್ಳೆ ಕಡೆ ಕಣೋ, ಒಬ್ಬಳೇ ಮಗಳು’ ಎಂದು ಸಂಬಂಧ ತಂದವಳು ದೂರದ ಅತ್ತೆ ಗಂಗರತ್ನಮ್ಮ. ಒಂದು ಮಧ್ಯಾಹ್ನ ಅಂಗಡಿಗೆ ಫೋನು ಮಾಡಿ, “ಅವ್ರಿಗೆ ಪಾರಿವಾಳ ಗೀರಿವಾಳ ಅಂದ್ರೆ ಆಗಲ್ವಂತೆ ಕಣೋ. ಒಪ್ಪಿದ್ದಾರೆ ಅಂತ ಹೇಳ್ತಿಲ್ಲ, ಇಲ್ಲ ಅಂತನೂ ಹೇಳ್ತಿಲ್ಲ. ಸುಮ್ನೆ ಕಿವಿಗ್ ಹಾಕ್ದೆ,” ಎಂದಿದ್ದಳು. ಪಾರಿವಾಳ ಸಾಕಿದ ಮನೆ ಉದ್ಧಾರ ಆಗುವುದಿಲ್ಲ ಎಂದು ಅಮ್ಮನೂ ಹೇಳುತ್ತಿದ್ದವಳೇ. ಅವನು ಪತ್ರಿಕೆಯ ಟೈಪಿಂಗನ್ನು ಅರ್ಧಕ್ಕೆ ಬಿಟ್ಟು ಆರ್ಕುಟ್ ತೆರೆದು ಆ ಸಾಲನ್ನು ಅಳಿಸಿದ. ಫೋಟೋಗಳನ್ನು ಅಳಿಸಿದ. ಆರ್ಕುಟ್‌ನಲ್ಲಿ ನಿಮ್ಮ ಪುಟ ಯಾರು ನೋಡಿ ಹೋದರು ಎಂದು ಹೆಸರು ತೋರಿಸುತ್ತಿತ್ತು, ಅವತ್ತು ಅಲ್ಲಿ ಮುನಿರತ್ನ ಎಂಬ ಹೆಸರಿತ್ತು. ಯಾರೋ ಏನೋ ಎಂದು ಬಿಟ್ಟ. ಮದುವೆಯ ಚಪ್ಪರದಲ್ಲಿ, ಇವ್ರು ನಮ್ಮ ದೊಡ್ಡಪ್ಪನ ಮಗ, ಅಟ್ಟೂರಲ್ಲಿ ಇಂಟರ್‌ನೆಟ್ ಸೆಂಟರ್ ಇಟ್ಟಿದ್ದಾರೆ ಎಂದು ರಾಣಿ ಪರಿಚಯಿಸಿದ ಮನುಷ್ಯನ ಹೆಸರು ಮುನಿರತ್ನ. ಅವನ ಕೈ ಕುಲುಕುತ್ತಲೇ ಸುಬ್ರಮಣಿ ಲೆಕ್ಕ ಹಾಕತೊಡಗಿದ. ಇವನು ನೋಡಿದ್ದು ಅಳಿಸುವ ಮುಂಚೆಯೋ, ಅಳಿಸಿದ ಮೇಲೋ? ಅವತ್ತಿನಿಂದ ಅವನು ಬದುಕಿರುವುದು ಈ ಒಂದು ಪ್ರಶ್ನೆಯ ಮೇಲೆ. ಆರ್ಕುಟ್ ಮುಚ್ಚಿಹೋಗುತ್ತದೆಂದು ಪೇಪರಿನಲ್ಲಿ ಓದಿದ ದಿನ ಸಾಕ್ಷಿ ಸತ್ತ ಕಳ್ಳನ ಹಾಗೆ ನಿಟ್ಟುಸಿರು ಬಿಟ್ಟ. ಫೇಸ್‌ಬುಕ್ಕಿನಲ್ಲಿ ಅವನ ಹೆಸರಿನ ಕೆಳಗೆ ಏನೂ ಇಲ್ಲ.

ಹಕ್ಕಿಗಳನ್ನು ಗೊರಗುಂಟೆಪಾಳ್ಯದ ಖಾದರ್ ಬಾಷಾನಿಗೆ ಕೊಟ್ಟಿದ್ದ. ಕೊಟ್ಟದ್ದು ಅವನು, ಒಪ್ಪಿಕೊಳ್ಳಬೇಕಾದದ್ದು ಅವು. ಹೊಸ ಮನೆಗೆ ಒಗ್ಗಿಸಲು ಬಾಷಾ ರೆಕ್ಕೆಗೆ ದಾರ ಕಟ್ಟಿ ಕೂರಿಸಿದ, ದಾರ ಬಿಚ್ಚಿದ ದಿನ ಕೆಂಚಿ ಮತ್ತೆ ಯಶವಂತಪುರಕ್ಕೇ ಬಂದಳು. ಅಮ್ಮನ ಫೋನು ಬಂದಾಗ ಸುಬ್ರಮಣಿ ಇದೇ ಅಟ್ಟೂರಿನ ಹಜಾರದಲ್ಲಿ, ಹೊಸ ಅಳಿಯನ ಗರಿಗರಿ ಪಂಚೆಯಲ್ಲಿ, ಮಾವನ ಎದುರು ಕೂತಿದ್ದ. “ಲೋ, ನಿನ್ ಕೆಂಚಿ ಬಂದು ಗೂಡಿದ್ ಜಾಗದಲ್ಲೇ ಕೂತವ್ಳೆ ಕಣೋ. ಏನ್ ಹಾಕ್ಲಿ?” ಅವನು ಎದ್ದು ಹೊರಗೆ ಹೋಗಿ, “ಏನೂ ಹಾಕ್ಬೇಡ. ತಟ್ಟೆ ಬಡಿದು ಓಡ್ಸು,” ಎಂದ. ಯಾರ ಫೋನು ಎಂದು ಮಾವ ಕೇಳಿದರು, ರಾಂಗ್ ನಂಬರು ಎಂದ. ಮಾರನೇ ದಿನವೂ ಬಂದಳಂತೆ, ಅದರ ಮಾರನೇ ದಿನವೂ. ತಟ್ಟೆ ಬಡಿದು ಬಡಿದು ಕೈ ನೋವು ಕಣೋ ಎಂದು ಅಮ್ಮ ಅತ್ತಳು. ಆಮೇಲೆ ಅವಳ ಫೋನು ನಿಂತಿತು. ಏನಾಯಿತು ಎಂದು ಅವನು ಕೇಳಲಿಲ್ಲ, ಕೇಳಿದರೆ ಅವಳು ಹೇಳಿಬಿಡುತ್ತಾಳೆ. ಮದುವೆಯಾದ ಹೊಸದರಲ್ಲಿ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಾ ರಾಣಿ, “ನಿಮಗೆ ಹಕ್ಕಿ ಅಂದ್ರೆ ಇಷ್ಟಾನಾ? ಮೇಲೇ ನೋಡ್ತಿರ್ತೀರಾ,” ಎಂದಳು. ಗಾಳದ ತುದಿಯ ಹುಳು ಕಂಡ ಮೀನಿನ ಹಾಗೆ ಅವನು ಹಿಂದೆ ಸರಿದ. “ಛೆ, ಕೊಳಕು ಹಕ್ಕಿ. ಮನೆಯೆಲ್ಲಾ ಗಲೀಜು,” ಎಂದ. ಹೇಳಿದ್ದು ನಿಜ ಎಂದು ತೋರಿಸಲು ಆ ವಾರವೇ ನೀಲಿ ಬಲೆ ತಂದು ಕಿಟಕಿ, ಬಾಲ್ಕನಿಗಳಿಗೆಲ್ಲ ತಾನೇ ಕೂತು ಬಿಗಿದ. ಅತ್ತೆ ತಾರಸಿಯಲ್ಲಿ ರಾಗಿ ಹರವಿ, ಪಾರಿವಾಳ ಬಂದರೆ ಸ್ವಲ್ಪ ನೋಡಿಕೊಳ್ಳಪ್ಪ ಎಂದಾಗಲೂ ಅವರ ಕಣ್ಣು ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಕೈಯನ್ನು ಹೆಗಲ ಮೇಲಿಂದ ಇಳಿಸಿದ್ದೇ ಇಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ವಾಷರು ಕೊಂಡು, ಪಕ್ಕದಲ್ಲಿ ಚಹಾ ಹೇಳಿ ಮತ್ತೆ ಚನ್ನುವಿನ ಪುಟ ತೆರೆದ. ಹೆಸರಿನ ಕೆಳಗೆ ಏನೂ ಇರಲಿಲ್ಲ. ನೆಟ್ಟು ನಿಧಾನವಿರಬೇಕೆಂದು ಮುಚ್ಚಿ ತೆರೆದ. ತಬಲಾ ಇಲ್ಲ, ಭಜನೆ ಇಲ್ಲ, ರೊಟ್ಟಿ ಇಲ್ಲ, ಅಂಜದಿರುವುದೂ ಇಲ್ಲ. ಹಲ್ಲು ಬಿಟ್ಟ ಫೋಟೋದ ಜಾಗದಲ್ಲಿ ಒಂದು ಗುಲಾಬಿ ಹೂವು. ಸುಬ್ರಮಣಿಗೆ ಮೊದಲು ಬಂದದ್ದು ಭಯ, ಅದರ ಬೆನ್ನಿಗೇ ಒಂದು ಕೆಟ್ಟ ಸಂತೋಷ. ಸಿಕ್ಕಿಬಿದ್ದ! ಇಷ್ಟು ಬೇಗ ಅಳಿಸುತ್ತಾನೆಂದರೆ ಏನೋ ಇದೆ. ಪ್ರಾಮಾಣಿಕನಾಗಿದ್ದರೆ ಹೌದ್ರೀ ತಬಲಾ ಬಾರಿಸ್ತೀನಿ, ಆಗದಿದ್ದರೆ ಬೇರೆ ರೂಮು ನೋಡ್ಕೋತೀನಿ ಅನ್ನಬೇಕಿತ್ತು. ಜೀವ ಎಂದು ಬರೆದವನು ಊಟದ ಹೊತ್ತಿಗೆ ಜೀವ ಅಳಿಸಿ ಹೂವು ಇಡುತ್ತಾನೆಂದರೆ ಅವನನ್ನು ಯಾರು ನಂಬುತ್ತಾರೆ? ನಾಳೆ ಬೀಗ ಒಡೆದು ಹೋಗಲಾರ ಎಂದು ಏನು ಖಾತ್ರಿ? ಚಹಾ ಆರಿತು. ತಾನು ಬೈಯುತ್ತಿರುವುದು ಯಾರನ್ನು ಎಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದಕ್ಕೇ ಇನ್ನಷ್ಟು ಜೋರಾಗಿ ಬೈದ. ವರದಿ ಸಿದ್ಧವಾಯಿತು, ಬೇಡ.

ಸಂಜೆ ಜಗಲಿಯಲ್ಲಿ ಅವರೆಕಾಯಿ ಸುಲಿಯುವ ಕಾರ್ಯಕ್ರಮ ನಡೆದಿತ್ತು. ದ್ರೌಪದಮ್ಮ ಮೊರ ಮುಂದಿಟ್ಟುಕೊಂಡಿದ್ದರು, ರಾಣಿ ಸಿಪ್ಪೆಯನ್ನು ಪಕ್ಕಕ್ಕೆ ಗುಡ್ಡೆ ಮಾಡುತ್ತಿದ್ದಳು. ಸೊಗಡಿನ ವಾಸನೆ ಬೀದಿಯವರೆಗೂ ಹರಡಿತ್ತು. ಶ್ರೀರಾಮಪ್ಪ, “ಏನಾಯ್ತು ಆ ಹುಡ್ಗಂದು?” ಎಂದರು. ಸುಬ್ರಮಣಿ ನಿಂತೇ ಹೇಳಿದ.

“ಬೆಳಿಗ್ಗೆ ಫೋನ್ ಮಾಡ್ದೆ ಮಾವ. ಮಧ್ಯಾಹ್ನ ನೋಡಿದ್ರೆ ತಬಲಾ ಗಿಬಲಾ ಎಲ್ಲಾ ಅಳಿಸಿಬಿಟ್ಟಿದ್ದಾನೆ. ಫೋಟೋನೂ ತೆಗ್ದಿದ್ದಾನೆ. ನಂಗೇನೋ ಅನುಮಾನ. ಬೇಡ ಅನ್ಸುತ್ತೆ.”

“ಎಲ್ಲಾನೂವೆ ಅಳಿಸ್ಬುಟ್ನಾ?” ಶ್ರೀರಾಮಪ್ಪನ ಮುಖ ಅರಳಿತು. “ಅಂಗಾದ್ರೆ ಕೊಟ್ಬುಡಿ. ಸಂಜೀಕೇ ಬಂದು ಕೀ ಇಸ್ಕೊಂಡ್ ಓಗು ಅನ್ನಿ.”

“ಅಲ್ಲ ಮಾವ, ಮುಚ್ಚಿಡ್ತಿದ್ದಾನಲ್ಲ ಅವನು.”

“ಮುಚ್ಚಿಟ್ಕೊಳ್ಲಿ ಬುಡಿ. ಅವ್ನು ತಬ್ಲಾ ಬಡುದ್ರೆ ನಂಗೇನು, ಬುಟ್ರೆ ನಂಗೇನು? ಅನ್ನ ಬೆಂದೈತಾ ಅಂತ ನೋಡಕ್ಕೆ ಒಂದಗಳು ಸಾಕು. ಒಂದ್ ಮಾತ್ಗೆ ಬಗ್ತಾನೋ ಇಲ್ವೋ, ಅಷ್ಟೇಯ ನಂಗ್ ಬೇಕಾಗಿದ್ದು. ಇಂಥೋನು ನಾಳೆ ನೀರಿಗೂ ಕ್ಯಾತೆ ತೆಗಿಯಾಕಿಲ್ಲ, ಬೇಗ ಗೇಟ್ ಆಕುದ್ರೂ ಕ್ಯಾತೆ ತೆಗಿಯಾಕಿಲ್ಲ.” ಅವರು ಒಂದು ಅವರೆಕಾಯಿ ಎತ್ತಿ ಬಿಡಿಸಿದರು. ಮುಂದಿನ ಮಾತನ್ನು ಪ್ರೀತಿಯಿಂದಲೇ ಹೇಳಿದರು, ಅದರಲ್ಲಿ ಅನುಮಾನವಿಲ್ಲ. “ನಿಮ್ದೂ ಇಂಗೇ ಅಲ್ವಾ ನೋಡಿದ್ದು.”

“ನಂದಾ?”

“ಆಗ ಅದೇನೋ ಇತ್ತಲ್ಲ, ಆರ್ಕುಟ್ಟೋ ಪಾರ್ಕುಟ್ಟೋ. ಮುನಿರತ್ನ ಓದಿ ಯೇಳ್ದ, ಪಾರಿವಾಳ ನನ್ ಪ್ರಾಣ ಅಂತ ಬರ್ಕೊಂಡವ್ರೆ ಅಂತ. ನಮ್ಮಣ್ಣ ಈ ಸಂಬಂಧ ಬ್ಯಾಡ ಅಂದ. ನಾನಂದೆ, ತಾಳು, ಗಂಗರತ್ನಮ್ಮನ್ ಕೈಲಿ ಒಂದ್ ಮಾತ್ ಆಕ್ಸಾನ. ಸಂಜೀಕೆ ಮುನಿರತ್ನ ತಿರ್ಗಾ ನೋಡ್ತಾನೆ, ಪ್ರಾಣ ಅಳಿಸ್ಬುಟ್ಟಿದ್ರಿ!” ಶ್ರೀರಾಮಪ್ಪ ನೆನೆಸಿಕೊಂಡು ತೊಡೆ ತಟ್ಟಿದರು. “ಆವತ್ತೇ ಅಂದೆ ನಾನು, ಇವ್ರೇಯ ನಮ್ಮನೇಗೆ ಸರಿ. ಕೇಳಿ ಬೇಕಾದ್ರೆ ನಿಮ್ ಅತ್ತೇನ.”

“ಈಗ್ಯಾಕ್ ಅದೆಲ್ಲಾ, ಸುಮ್ಕಿರಿ,” ಎಂದರು ದ್ರೌಪದಮ್ಮ, ಮೊರದಿಂದ ತಲೆ ಎತ್ತದೆ.

ಅಳಿಸುವ ಮುಂಚೆಯೂ ನೋಡಿದ್ದರು, ಅಳಿಸಿದ ಮೇಲೂ ನೋಡಿದ್ದರು. ಇಷ್ಟು ವರ್ಷ ಕಾದಿಟ್ಟ ಗುಟ್ಟು ಈ ಜಗಲಿಯಲ್ಲಿ ಎಲ್ಲರ ಕಾಲ ಬಳಿ ಬಿದ್ದುಕೊಂಡೇ ಇತ್ತು, ಯಾರೂ ಅದನ್ನು ಎತ್ತುವ ಗೋಜಿಗೆ ಹೋಗಿರಲಿಲ್ಲ. ಸುಬ್ರಮಣಿಗೆ ನಾಚಿಕೆಯಾಯಿತು. ಪಾರಿವಾಳ ಸಾಕಿದ್ದಕ್ಕಲ್ಲ. ಸಾಕಿದ್ದನ್ನು ಮುಚ್ಚಿಟ್ಟಿದ್ದಕ್ಕೂ ಅಲ್ಲ. ತನ್ನನ್ನು ಮೆಚ್ಚಿ ತಂದುಕೊಂಡಿದ್ದಾರೆ ಎಂದು ಎಲ್ಲೋ ಒಂದು ಮೂಲೆಯಲ್ಲಿ ನಂಬಿಕೊಂಡಿದ್ದನಲ್ಲ, ಅದಕ್ಕೆ. ಮೆಚ್ಚಿದ್ದು ನಿಜ. ಮೆಚ್ಚಿದ್ದು ಅವನನ್ನಲ್ಲ, ಅವನು ತನ್ನನ್ನೇ ಒರೆಸಿಕೊಂಡ ವೇಗವನ್ನು.

“ಅಳಿಸ್ದೇ ಇದ್ದಿದ್ರೆ?” ಎಂದು ಕೇಳಿದ.

“ಅಳಿಸ್ದೇ ಇದ್ದಿದ್ರೆ ಏನು, ವಸಿ ಯೋಚ್ನೆ ಮಾಡ್ತಿದ್ವಿ. ಪಾರಿವಾಳ ಏನ್ ಉಲೀನಾ, ಕಚ್ಚಾಕೆ?” ಎಂದು ಶ್ರೀರಾಮಪ್ಪ ನಕ್ಕು ಎಲೆಯಡಿಕೆ ಉಗುಳಲು ಎದ್ದರು.

ಅವನು ಚನ್ನುವಿಗೆ ಫೋನು ಮಾಡಿ ಬರಹೇಳಿ, ರೂಮಿನ ಬೀಗದ ಕೈ ತರಲು ಒಳಗೆ ಹೋದ. ಕೀ ಗೊಂಚಲು ಅಡುಗೆಮನೆಯ ಮೊಳೆಗೆ ತೂಗು ಹಾಕಿತ್ತು. ರಾಣಿ ಹಿಂದೆಯೇ ಬಂದು ಸಿಪ್ಪೆಯ ಪುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಬಾಗಿಲಲ್ಲಿ ನಿಂತಳು. ಅವಳನ್ನು ದಾಟದೆ ಹೋಗಲು ದಾರಿಯಿರಲಿಲ್ಲ.

“ನಿಂಗೂ ಗೊತ್ತಿತ್ತಾ?”

“ಮುನಿರತ್ನಣ್ಣ ಮೊದ್ಲು ಓದಿದ್ದೇ ನನ್ ಮುಂದೆ. ಅಪ್ಪಂಗೆ ಹೇಳಿದ್ದು ಆಮೇಲೆ,” ಎಂದಳು. ಪುಟ್ಟಿ ಸರಿಮಾಡಿಕೊಂಡು, “ನೌಕರಿ, ಸೈಟು, ಬರೀ ಅಂಥದ್ದೇ ಹೇಳ್ಕೊಂಡ್ ಬರ್ತಿದ್ರು ಎಲ್ರೂ. ಇವ್ರ್ಯಾರೋ ಪಾರಿವಾಳ ಅಂತ ಬರ್ಕೊಂಡಿದ್ದಾರಲ್ಲ ಅಂತ ನಂಗೆ ನಗು ಬಂತು. ನಾನು ಹೂಂ ಅಂದಿದ್ದು ಅದಕ್ಕೇ ಕಣ್ರೀ.”

“ನೀನ್ ಹೇಳ್ಲೇ ಇಲ್ಲ.”

“ಕೇಳಿದ್ನಲ್ಲ ಮೇಲೆ ಬಟ್ಟೆ ಒಣಗಿಸ್ತಾ. ಕೊಳಕು ಅಂದ್ರಿ. ಬಲೆ ಬೇರೆ ಹಾಕಿದ್ರಿ. ಬಿಟ್ಬಿಟ್ಟಿದ್ದಾರೇನೋ, ನೆನಪಾದ್ರೆ ಬೇಜಾರಾಗುತ್ತೇನೋ ಅಂತ ನಾನೂ ಸುಮ್ನಾದೆ.” ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವನಿಗೆ ಅವಳ ಕೈ ಹಿಡಿಯಬೇಕೆನ್ನಿಸಿತು. ಗಾಳ ಎಂದುಕೊಂಡಿದ್ದು ಕೈಯಾಗಿತ್ತು, ಅದು ಚಾಚಿ ಚಾಚಿ ಸೋತು ಈಗ ಅವರೆಸಿಪ್ಪೆಯ ಪುಟ್ಟಿ ಹಿಡಿದುಕೊಂಡಿತ್ತು. ಹೊರಗೆ ಗೇಟಿನ ಚಿಲಕದ ಸದ್ದಾಯಿತು. ಅವನು ಕೀ ತೆಗೆದುಕೊಂಡು ಹೋದ.

ಚನ್ನು ಹೆಗಲಿಗೆ ಒಂದೇ ಚೀಲ ಹಾಕಿಕೊಂಡು ಬಂದಿದ್ದ. ಜಗಲಿಯಲ್ಲಿದ್ದವರಿಗೆ ಬಗ್ಗಿ ನಮಸ್ಕಾರ ಮಾಡಿ ಸುಬ್ರಮಣಿಯ ಹಿಂದೆ ಮೆಟ್ಟಿಲು ಹತ್ತಿದ. ನಿನ್ನೆ ಹತ್ತುವಾಗ ಕಟಕಟೆಯನ್ನು ತಟ್ಟುತ್ತಾ ಬಂದಿದ್ದವನು ಇವತ್ತು ಎರಡೂ ಕೈಗಳಿಂದ ಚೀಲದ ಪಟ್ಟಿ ಹಿಡಿದಿದ್ದ. ಸುಬ್ರಮಣಿ ಬಾಗಿಲು ತೆಗೆದು, ಕಿಟಕಿ ತೆಗೆದ. ಕಿಟಕಿಯ ಆಚೆ ಅವನೇ ಕಟ್ಟಿದ ನೀಲಿ ಬಲೆ, ಅದಕ್ಕೆ ಒಂದು ಪುಕ್ಕ ಅಂಟಿಕೊಂಡಿತ್ತು. ಇದೊಂದನ್ನಾದರೂ ಸರಿ ಮಾಡಬೇಕು, ಈ ಹುಡುಗನದ್ದಾದರೂ ಉಳಿಯಬೇಕು ಎಂಬ ಆತುರದಲ್ಲಿ ಅವನು ಪೀಠಿಕೆಯಿಲ್ಲದೆ ಕೇಳಿಬಿಟ್ಟ.

“ಆ ಸಾಲು ಯಾಕ್ ಅಳಿಸಿದ್ರಿ?”

“ಯಾವ ಸಾಲ್ರೀ ಸರ್?”

“ತಬಲಾ ಅಂದ್ರ ಜೀವ ಅಂತ ಇತ್ತಲ್ಲ.”

“ಅದಾ ರೀ. ಗೆಳ್ಯಾರು ಚ್ಯಾಷ್ಟಿ ಮಾಡಾಕ ಬರದಿದ್ರು ರೀ.”

“ವಾಪಸ್ ಹಾಕಿ. ತಬಲಾನೂ ತಂದಿಡಿ ಇಲ್ಲಿ. ಬಾರಿಸಿ. ಮಾವನವ್ರಿಗೆ ನಾನ್ ಹೇಳ್ತೀನಿ, ನಾನ್ ಒಪ್ಪಿಸ್ತೀನಿ.”

ಚನ್ನು ಅವನನ್ನು ನೋಡಿದ. ಮೊದಲು ಬಾಯಿ, ಆಮೇಲೆ ಕಣ್ಣು, ಆಮೇಲೆ ಬಾಗಿಲಾಚೆ ಯಾರಾದರೂ ನಿಂತು ಕೇಳುತ್ತಿದ್ದಾರೆಯೇ ಎಂದು ಮೆಟ್ಟಿಲಿನ ಕಡೆ. ಆ ನೋಟವನ್ನು ಸುಬ್ರಮಣಿ ಈವರೆಗೆ ಒಳಗಿನಿಂದ ಮಾತ್ರ ಬಲ್ಲ, ಹೊರಗಿನಿಂದ ಹೇಗೆ ಕಾಣುತ್ತದೆಂದು ಈಗ ಕಂಡ. ಬಟ್ಟೆ ಒಣಹಾಕುತ್ತಿದ್ದ ರಾಣಿಗೆ ಕಂಡದ್ದು ಇದೇ.

“ಇಲ್ರೀ ಸರ್,” ಎಂದ ಚನ್ನು, ಮುಗುಳ್ನಗುತ್ತ. “ನನಗ ತಬಲಾ ಬರೂದ ಇಲ್ರೀ.”

“ನಾನು ಪರೀಕ್ಷೆ ಮಾಡ್ತಿಲ್ಲ ಕಣ್ರೀ. ನಿಜವಾಗ್ಲೂ.”

“ಗೊತ್ತದ ರೀ ಸರ್,” ಎಂದ ಚನ್ನು ವಿನಯದಿಂದ. ಅವನ ಬೆರಳುಗಳು ಚೀಲದ ಪಟ್ಟಿಯ ಮೇಲೆ ಬಿಗಿಯಾಗಿ ಮಡಿಚಿಕೊಂಡಿದ್ದವು. “ಆ ಬಡಿಯೂದು, ಗದ್ಲಾ, ನನಗೂ ಸೇರೂದಿಲ್ರೀ. ನೀರು ಎಷ್ಟೊತ್ತಿಗೆ ಬಿಡ್ತೀರಿ?”

ಸುಬ್ರಮಣಿ ನೀರು ಬಿಡುವ ಹೊತ್ತು ಹೇಳಿ, ಬೀಗದ ಕೈಯನ್ನು ಅವನ ಕೈಗೆ ಕೊಟ್ಟು ಕೆಳಗಿಳಿದ.